ಜಟಕಾಕ್ಕೆ ಬೆನ್ನು ಕೊಟ್ಟ ಹುಡುಗಿ

೧

ಕುದುರೆಯಿಂದ ಶುರು ಮಾಡಲೋ, ಗುರುಬಸಮ್ಮನಿಂದಲೋ? ಕುದುರೆ ಸತ್ತು ಎಷ್ಟೋ ಕಾಲವಾಯಿತು, ಬೇಜಾರು ಮಾಡಿಕೊಳ್ಳುವುದಿಲ್ಲ. ಗುರುಬಸಮ್ಮ ಮಾಡಿಕೊಳ್ಳುತ್ತಾಳೆ. ಹಾಗಾಗಿ ಅವಳಿಂದಲೇ.

ಸಿರುಗುಪ್ಪದಲ್ಲಿ ಖಾನಾವಳಿ ನಡೆಸುವ ಗುರುಬಸಮ್ಮನಿಗೆ ಎಪ್ಪತ್ತು ದಾಟಿದೆ. ನಾನು ಅಲ್ಲಿ ಉಣ್ಣಲು ಹೋದಾಗ ಅವಳ ತಮ್ಮನ ಮಗ ಶಶಿಕಾಂತ್ ಮೊಬೈಲಿನಲ್ಲಿ ಹಳೆಯ ಮೂಕಿ ಚಿತ್ರದ ತುಣುಕೊಂದನ್ನು ನಮ್ಮಿಬ್ಬರಿಗೂ ತೋರಿಸಿದ. ನೂರು ವರ್ಷದ ಹಿಂದಿನ ಬಳ್ಳಾರಿ ಬಜಾರು. ಕಥೆಯಿಲ್ಲ, ನಟರಿಲ್ಲ, ಸದ್ದಿಲ್ಲ. ಓಡಾಡುವ ಜನ, ಅಷ್ಟೇ. ಯಾವನೋ ಬಿಳಿ ದೊರೆ ರಸ್ತೆ ನಡುವೆ ಕ್ಯಾಮೆರಾ ನಿಲ್ಲಿಸಿದ್ದಾನೆ. ಹೋಗುವವರೆಲ್ಲ ತಿರುಗಿ ತಿರುಗಿ ನೋಡುತ್ತಾರೆ, ಥೇಟ್ ನಮ್ಮನ್ನೇ ನೋಡಿದಂತೆ. (ಮೈ ಜುಮ್ಮೆನ್ನುತ್ತದೆ. ಮತ್ತೆ ಮತ್ತೆ ನೋಡುವುದು ಅದಕ್ಕೇ.) ಲಂಗದ ಹುಡುಗಿಯೊಬ್ಬಳು ನೋಡುತ್ತ ನಿಂತೇಬಿಟ್ಟಿದ್ದಾಳೆ. ಅವಳ ಬೆನ್ನ ಹಿಂದೆ ಜಟಕಾ ಬರುತ್ತಿದೆ. ಗಾಡಿಯವನ ಕಣ್ಣೂ ಕ್ಯಾಮೆರಾದ ಮೇಲೆ.

ಅಲ್ಲಿಗೆ ರೀಲು ಮುಗಿಯುತ್ತದೆ.

"ಅಕಿ ನಮ್ಮವ್ವ," ಎಂದಳು ಗುರುಬಸಮ್ಮ. ತೀರಿಹೋದ ಅವ್ವನ ಒಂದು ಫೋಟೋ ಕೂಡ ಅವಳ ಹತ್ತಿರವಿಲ್ಲ.

೨ (ಹರಿದು ಹಾಕಿದ ಡ್ರಾಫ್ಟ್)

ಗಾಡಿ ಹುಡುಗಿಯ ಮೇಲೆ ಹರಿಯಿತು. ಬಜಾರು ಒಂದು ಗಳಿಗೆ ಸ್ತಬ್ಧ... (ಇಷ್ಟು ಓದಿ ಹೇಳುವಷ್ಟರಲ್ಲಿ ಗುರುಬಸಮ್ಮ ಸಿಡಿದಳು.)

"ಏನ್ರೀ ರೈಟರ್ರ, ಕೈಯಾಗ ಪೆನ್ನ ಐತಂತ ಕೂಸಿನ ಮ್ಯಾಲೆ ಗಾಡಿ ಹರಸ್ತೀರೇನು? ಅಕಿ ಸತ್ರ ನಾನೆಲ್ಲಿಂದ ಹುಟ್ಲಿ? ನಿಮಗ ರೊಟ್ಟಿ ಬಡಿಯೋರು ಯಾರು?"

ನಾನು ಆಗಷ್ಟೇ ಅವಳಲ್ಲಿ ಉಂಡು ಎದ್ದಿದ್ದೆ. ಹರಿದೆ.

೩

ಗಾಡಿಯವನು ಲಗಾಮು ಜಗ್ಗಿದ. ಕುದುರೆ ಮುಂಗಾಲೆತ್ತಿ ನಿಂತಿತು.

(ಥೂ, ಪಕ್ಕಾ ಸಿನಿಮಾ. ಇರಲಿ.)

ಗುರುಬಸಮ್ಮ ಉಸಿರು ಬಿಟ್ಟಳು. ಶಶಿಕಾಂತ್ ಬಿಡಬೇಕಲ್ಲ!

"ಅತ್ತಿ, ಅಜ್ಜಿ ಇಲ್ಲೇ ಕರೂರು ಹಳ್ಳ್ಯಾಕಿ. ಲಗ್ನ ಆಗೋತನ ಬಳ್ಳಾರೀನ ನೋಡಿದ್ದಿಲ್ಲ ಅಂತ ನೀನ ಹೇಳಿದ್ದಿ."

ಅವಳು ಪರದೆಯ ಮೇಲಿನ ಆ ಮುಖವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಗೊತ್ತೈತಿ ಸುಮ್ನಿರಲೇ." ನನ್ನ ಕಡೆ ತಿರುಗಿದಳು. "ನಮ್ಮವ್ವ ಅಂದಿದ್ದಕ್ಕ ನೀವು ಗಾಡಿ ನಿಲ್ಸಿದ್ರಿ. ಯಾರ ಅವ್ವನೂ ಅಲ್ಲ ಅಂದಿದ್ರ?"

೪

(ಹೊಸ ಹಾಳೆ ತೆಗೆದುಕೊಂಡೆ.)

ಹುಡುಗಿ ಪಕ್ಕಕ್ಕೆ ಸರಿದಳು, ದೊಡ್ಡವಳಾದಳು, ಯಾರಿಗೋ ಅವ್ವನಾದಳು. ಇದು ಒಂದು ಮುಕ್ತಾಯ. ಇನ್ನೊಂದು ನಿಮಗೂ ಗೊತ್ತು, ಅದನ್ನು ಬರೆಯಲು ಕೈ ಬರುತ್ತಿಲ್ಲ. ಮೊದಲನೆಯದನ್ನು ನಂಬಲು ಮನಸ್ಸು ಬರುತ್ತಿಲ್ಲ. ನಿಲ್ಲಿಸುತ್ತೇನೆ ಎಂದರೆ ಗುರುಬಸಮ್ಮ ಬಿಡುತ್ತಿಲ್ಲ. ಮತ್ತೆ ಪ್ಲೇ ಒತ್ತಿದ್ದಾಳೆ. ಊಟಕ್ಕೆ ಬಂದವರು ಕಾಯುತ್ತಿದ್ದಾರೆ, ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಅವಳು ಆ ಸದ್ದಿಲ್ಲದ ಬಜಾರಿಗೆ ಬಾಯಿ ಹಚ್ಚಿ ಕೂಗುತ್ತಿದ್ದಾಳೆ:

"ಏ ಪಾಪಾ, ಹಿಂದ ನೋಡು! ಓಡಿ ಬಾ ಈ ಕಡಿ!"