ಅಪ್ಪನ ಎದೆ ಎಲ್ಲರ ಮನೆಯಲ್ಲಿ

ಆ ಆಸ್ಪತ್ರೆ ಧಾರಾವಾಹಿಯಲ್ಲಿ ಯಾರು ಹಾಸಿಗೆ ಹಿಡಿದರೂ ತಲೆಯ ಹತ್ತಿರದ ಮಾನಿಟರಿನಲ್ಲಿ ಬಡಿಯುತ್ತಿದ್ದದ್ದು ಒಬ್ಬನದೇ ಎದೆ. ಮದುಮಗಳಿಗೆ ವಿಷ ಹಾಕಿದರೂ ಅದೇ ಬೀಪ್, ಮಂತ್ರಿಯ ಮಾವನಿಗೆ ಗುಂಡು ಬಿದ್ದರೂ ಅದೇ ಬೀಪ್. ಅದು ಧಾರಾವಾಹಿಗೆ ಸದ್ದು ಜೋಡಿಸುವವನ ಅಪ್ಪನದು.

ಸದ್ದು ಜೋಡಿಸುವವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಅಪ್ಪ ಎದೆನೋವೆಂದು ಐಸಿಯುನಲ್ಲಿ ಮಲಗಿದ್ದಾಗ, ಪಕ್ಕದಲ್ಲಿ ಕೂತ ಮಗ ಬೇರೇನೂ ಮಾಡಲು ತೋಚದೆ ಮಾನಿಟರಿನ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಐದಾರು ಬಡಿತಕ್ಕೊಮ್ಮೆ ಮುಗ್ಗರಿಸಿ, ಸಾವರಿಸಿಕೊಂಡು ಮತ್ತೆ ನಡೆಯುವ ಸದ್ದು. ಅಪ್ಪ ಗುಣವಾಗಿ ಮನೆಗೆ ಬಂದ, ಸದ್ದು ಧಾರಾವಾಹಿಗೆ ಹೋಯಿತು. ಬಸ್ಸು ಓಡಿಸಿ ನಿವೃತ್ತನಾದ ಅಪ್ಪನಿಗೆ ಇದೊಂದು ಹೆಮ್ಮೆ. "ಆ ಆಸ್ಪತ್ರೇಲಿ ಎಲ್ಲಾರ್ಗೂ ನಂದೇ ಇಂಜಿನ್ನು ಕಣ್ರೀ" ಎಂದು ಅಕ್ಕಪಕ್ಕದವರ ಮುಂದೆ ಮೀಸೆ ತಿರುವುತ್ತಿದ್ದ.

ಕಿವಿಯಣ್ಣ ಒಂದು ನೇಮ ಇಟ್ಟುಕೊಂಡಿದ್ದ. ರೋಗಿ ಸಾಯುವ ದೃಶ್ಯ ಬಂದರೆ ಅಪ್ಪನ ಬೀಪನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎಲ್ಲಿಂದಲೋ ಕೊಂಡು ತಂದ ಇನ್ನೊಂದು ಬೀಪನ್ನು ಕೂರಿಸಿ, ಅದನ್ನು ನಿಲ್ಲಿಸುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿರಿಯ ವೈದ್ಯೆಯ ಪಾತ್ರ ಸಾಯುವ ಕಂತಿನಲ್ಲಿ ಮಾತ್ರ ನಿರ್ದೇಶಕನ ಕಿವಿಗೆ ಅದು ಬಿತ್ತು.

"ಇಷ್ಟು ದಿನ ಜನ ಕೇಳಿರೋ ಸದ್ದೇ ನಿಲ್ಬೇಕು ಕಣಯ್ಯ. ಆಗ್ಲೇ ಕರುಳು ಚುರ್ ಅನ್ನೋದು."

"ಅದೊಂದು ಬಿಟ್ಟು ಬೇರೇನಾದ್ರೂ ಹೇಳಿ ಸಾರ್."

"ಯಾಕೆ? ನಿನ್ನ ಗಂಟೇನು ಹೋಗುತ್ತೆ?"

ಏನು ಹೋಗುತ್ತದೆಂದು ಹೇಳಲು ಕಿವಿಯಣ್ಣನಿಗೆ ನಾಚಿಕೆಯಾಯಿತು. ಸದ್ದು ನಿಂತರೆ ಅಪ್ಪ ನಿಂತುಹೋಗುತ್ತಾನೆ ಎಂದರೆ, ನಗುವವರ ಮುಂದೆ ಎಡವಿ ಬಿದ್ದ ಹಾಗೆಯೇ. ಅಪ್ಪನ ಬೀಪನ್ನು ಕತ್ತರಿಸಿ, ಅದರ ಬಾಲಕ್ಕೆ ಉದ್ದನೆಯ ಒಂದೇ ಸ್ವರ ಅಂಟಿಸಿ ಕಳಿಸಿಬಿಟ್ಟ. ನಾಲ್ಕು ಜನ ನಕ್ಕಾರೆಂದು ಹೆದರಿದವನು ಏನು ಮಾಡುವುದಕ್ಕೂ ಹೇಸುವುದಿಲ್ಲ ನೋಡಿ.

ಭಾನುವಾರ ಮಧ್ಯಾಹ್ನ ಕಂತು ಬಂತು. ಅಪ್ಪ ಸೋಫಾದ ಮೇಲೆ ಕಾಲು ಮಡಚಿ ಕೂತು ನೋಡಿದ. ವೈದ್ಯೆ ಸತ್ತಳು, ಉದ್ದನೆಯ ಸ್ವರ ಬಂತು. ಅಪ್ಪ ಎದೆ ಸವರಿಕೊಂಡು, "ನನ್ನ ಇಂಜಿನ್ನೇ ಆಫ್ ಮಾಡ್ಬಿಟ್ಯಲ್ಲೋ!" ಎಂದು ನಕ್ಕ. ನಗುವುದನ್ನು ಕಂಡು ಕಿವಿಯಣ್ಣನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಚಾನೆಲ್ಲಿನ ಫೇಸ್‌ಬುಕ್ ಪೇಜು ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು. "ಅಣ್ಣಾ, ಸೌಂಡಲ್ಲಿ ಏನ್ ಮಾಡಿದ್ದೀರಿ? ಪೇಜು ತೆಗೆದು ನೋಡಿ ಒಂದ್ಸಲ."

ತೆಗೆದು ನೋಡಿದ. ವೀಕ್ಷಕರ ಮಾತು ಎಂದಿನಂತೆಯೇ ಶುರುವಾಗಿತ್ತು. ಸಾಯೋಳಿಗೆ ಲಿಪ್‌ಸ್ಟಿಕ್ ಯಾಕ್ರೀ ಎಂದು ಒಬ್ಬರು. ಸ್ಟೆತಸ್ಕೋಪ್ ಕಿವಿಗೇ ಹಾಕದೆ ಸಾರಿ ಅಂದ ಆ ಡಾಕ್ಟರಿಗೆ ಡಿಗ್ರಿ ಕೊಟ್ಟೋರ್ಯಾರು ಎಂದು ಇನ್ನೊಬ್ಬರು. ಅದರ ಕೆಳಗೆ ಮಾತಿನ ಧಾಟಿ ಬೇರೆಯಾಗಿತ್ತು.

"ಟೀವಿ ಆರಿಸಿದ್ದೀವಿ. ಬೀಪ್ ನಿಂತಿಲ್ಲ."

"ನಮ್ಮನೇಲೂ ಹಾಗೇ. ಮಗು ಹೆದರ್ಕೊಂಡು ಅಳ್ತಿದೆ."

"ಇದೇನು ಪ್ರಚಾರದ ಹೊಸ ವರಸೆನಾ? ತಲೆ ಚಿಟ್ಟು ಹಿಡೀತಿದೆ."

ಕಿವಿಯಣ್ಣ ತನ್ನ ಮನೆಯ ಟೀವಿಗೆ ಕಿವಿಯಿಟ್ಟ. ಏನೂ ಇಲ್ಲ. ಲ್ಯಾಪ್‌ಟಾಪು ತೆಗೆದು, ಐಸಿಯುನಲ್ಲಿ ಹಿಡಿದಿದ್ದ ಮೂಲ ಸದ್ದನ್ನು ಹಾಕಿದ. ಮೊದಲಿಂದ ಕೊನೆಯವರೆಗೆ ಉದ್ದನೆಯ ಒಂದೇ ಸ್ವರ.

"ಯಾಕೋ ಕೈ ತಣ್ಣಗಾಗ್ತಿದೆ ಕಣೋ" ಎಂದ ಅಪ್ಪ.

ಕಿವಿಯಣ್ಣ ಬಿಪಿ ಯಂತ್ರದ ಪಟ್ಟಿಯನ್ನು ಅಪ್ಪನ ತೋಳಿಗೆ ಸುತ್ತಿ ಗುಂಡಿ ಒತ್ತಿದ. ಅದು ಗುರ್ ಎಂದು ಉಬ್ಬಿ, ಸುಸ್ತಾಗಿ, ಎರರ್ ಎಂದು ತೋರಿಸಿತು. ಇನ್ನೊಮ್ಮೆ ಒತ್ತಿದರೂ ಎರರ್. ಮಣಿಕಟ್ಟು ಹಿಡಿದು ನೋಡಿದ, ನಾಡಿ ಸಿಗಲಿಲ್ಲ. ಕೊನೆಗೆ ಅಪ್ಪನ ಅಂಗಿಯ ಮೇಲೆ ಕಿವಿಯೊತ್ತಿದ. ಬಟ್ಟೆ ಸರಿದಾಡುವ ಸದ್ದಷ್ಟೇ ಕೇಳಿಸಿತು.

"ಏನೋ ಇದು, ಚಿಕ್ಕ ಮಗು ಥರ?" ಎಂದು ಅಪ್ಪ ಅವನ ತಲೆ ನೇವರಿಸಿದ. ಎದೆ ಬಡಿಯದ ಮನುಷ್ಯ ತಲೆ ನೇವರಿಸುತ್ತಿದ್ದ.

ಪೇಜಿನಲ್ಲಿ ಯಾರೋ ಬುದ್ಧಿವಂತರು ಬರೆದಿದ್ದರು: "ರಿಮೋಟಲ್ಲಿ ಆರಿಸಿದ್ರೆ ನಿಲ್ಲಲ್ಲ. ಪ್ಲಗ್ ಕಿತ್ತು ಹಾಕಿ, ನಿಲ್ಲುತ್ತೆ." ಅದರ ಕೆಳಗೆ ಥ್ಯಾಂಕ್ಸಿನ ಸುರಿಮಳೆ. ನಮ್ಮಲ್ಲಿ ನಿಂತಿತು. ನಮ್ಮಲ್ಲೂ ನಿಂತಿತು. ಸದ್ಯ, ಪೀಡೆ ತೊಲಗಿತು. ಅಂಥ ಒಂದೊಂದು ಸಾಲು ಮೂಡಿದಾಗಲೂ ಅಪ್ಪನ ಕತ್ತು ಸ್ವಲ್ಪ ಬಾಗುತ್ತಿತ್ತು, ತುಟಿಯ ಬಣ್ಣ ಇಳಿಯುತ್ತಿತ್ತು.

ಕಿವಿಯಣ್ಣ ಹುಡುಗಿಗೆ ಫೋನ್ ಮಾಡಿದ. "ಪ್ಲಗ್ ಕೀಳ್ಬೇಡಿ ಅಂತ ಪೇಜಲ್ಲಿ ಹಾಕಮ್ಮ! ಈಗ್ಲೇ ಹಾಕು!"

"ಅಯ್ಯೋ, ಕೀಳಿ ಅಂತ ಡೈರೆಕ್ಟ್ರೇ ಹಾಕ್ಸಿಬಿಟ್ರಲ್ಲಣ್ಣ. ಈಗ ಯಾರೂ ಕಂಪ್ಲೇಂಟ್ ಮಾಡ್ತಿಲ್ಲ."

"ಯಾರಿಗಾದ್ರೂ ಇನ್ನೂ ಕೇಳಿಸ್ತಿದ್ಯಾ ನೋಡು. ಒಬ್ರಾದ್ರೂ ಸಾಕು."

ಹುಡುಗಿ ಅಲ್ಲಿ ಯಾರನ್ನೋ ಕೇಳಿದಳು. ಇಲ್ಲಿ ಅಪ್ಪ ಕಣ್ಣು ಮುಚ್ಚಿದ್ದ.

"ಒಬ್ರು ಅಜ್ಜಿ ಇದ್ದಾರಂತೆ ಅಣ್ಣ. ಪೇಜುಗೀಜು ಗೊತ್ತಿಲ್ಲ, ಆಫೀಸಿಗೇ ಫೋನ್ ಮಾಡಿದ್ರಂತೆ. ನಂಬರ್ ಕಳಿಸ್ತೀನಿ."

ಅಜ್ಜಿ ಫೋನ್ ಎತ್ತಿದ ಕೂಡಲೇ ಅವಳ ದನಿಗಿಂತ ಮೊದಲು ಅದೇ ಕೇಳಿಸಿತು. ಐದಾರು ಬಡಿತ, ಒಂದು ಮುಗ್ಗರಿಕೆ, ಮತ್ತೆ ನಡಿಗೆ.

"ಟೀವಿಯೋರಾ? ಕೀಳಿ ಅಂದ್ರಲ್ಲ, ಆ ಪ್ಲಗ್ಗು ಮಂಚದ ಹಿಂದೆ ಇದೆಯಪ್ಪ. ನಂಗೆ ಬಗ್ಗೋಕಾಗಲ್ಲ. ನೀವೇ ಬಂದು ಕಿತ್ತು ಕೊಡ್ತೀರಾ?"

"ಕೀಳ್ಬೇಡಿ ಅಜ್ಜಿ. ದಮ್ಮಯ್ಯ ಅಂತೀನಿ. ಅದು... ಅದು ನಮ್ಮಪ್ಪನ ಜೀವ."

ಅಜ್ಜಿ ನಗಲಿಲ್ಲ. ಹುಚ್ಚನೇನಪ್ಪ ನೀನು ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಅವಳೂ ಆ ಸದ್ದಿಗೆ ಕಿವಿಗೊಟ್ಟಿರಬೇಕು.

"ಹಾಗಾದ್ರೆ ಇರ್ಲಿ ಬಿಡು" ಎಂದಳು. "ಯಜಮಾನ್ರು ಹೋದ್ಮೇಲೆ ಈ ರೂಮಲ್ಲಿ ಯಾವ ಸದ್ದೂ ಇರ್ಲಿಲ್ಲ. ಇದು ಯಾರೋ ಪಕ್ಕದಲ್ಲಿ ಕೂತಿರೋ ಹಾಗಿದೆ. ನಾನಿರೋವರೆಗೂ ಯಾರೂ ಮುಟ್ದಂಗೆ ನೋಡ್ಕೋತೀನಿ. ಹೆದರ್ಬೇಡ."

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ಅಜ್ಜಿ."

ಸೋಫಾದಲ್ಲಿ ಅಪ್ಪ ಕಣ್ಣು ಬಿಟ್ಟ. "ಯಾರೋ ಅದು ಫೋನಲ್ಲಿ? ಒಂಚೂರು ಕಾಫಿ ಕಾಸೋ" ಎಂದ. ತುಟಿಗೆ ಬಣ್ಣ ಮರಳಿತ್ತು.

ಕಿವಿಯಣ್ಣ ಫೋನ್ ಇಡಬೇಕೆಂದುಕೊಂಡ, ಇಡಲಾಗಲಿಲ್ಲ. ಕೇಳಬಾರದ ಮಾತು ಎಂದು ಗೊತ್ತಿತ್ತು. ಉಪಕಾರ ಮಾಡಿದವಳನ್ನು ಹಾಗೆ ಕೇಳುವುದು ಪಾಪವೆಂದೂ ಗೊತ್ತಿತ್ತು.

"ಅಜ್ಜಿ, ನಿಮಗೀಗ ವಯಸ್ಸೆಷ್ಟು?"

ಅಜ್ಜಿ ಜೋರಾಗಿ ನಕ್ಕಳು. ನಗುತ್ತ ನಗುತ್ತ ಕೆಮ್ಮು ಹತ್ತಿತು. ಉತ್ತರಕ್ಕಾಗಿ ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದ, ಕೆಮ್ಮು ನಿಲ್ಲಲಿಲ್ಲ.