ಯಾರೂ ಅಲ್ಲಾಡಬೇಡಿ

"ಬಿಡೋ ಅದನ್ನ, ಬಿಡೋ!" ಎಂದು ಅವನು ಟಿವಿಯ ಕಡೆ ಕೈಚಾಚುವಷ್ಟರಲ್ಲಿ ಚೆಂಡು ಬ್ಯಾಟಿನ ಅಂಚು ಸವರಿಕೊಂಡು ಸ್ಲಿಪ್ಪಿನಲ್ಲಿದ್ದವನ ಅಂಗೈ ಸೇರಿತ್ತು. ಏಳನೇ ವಿಕೆಟ್ಟು. ಔಟಾದ ನಾಯಕ ತನ್ನ ಬ್ಯಾಟನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಹೊರಟ.

"ಬ್ಯಾಟ್ ನೋಡ್ತಾನೆ ನೋಡು! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಶಾಂಪೂ ಜಾಹೀರಾತಲ್ಲಿ ಕೂದಲು ಹಾರಿಸೋಕೆ ಬರತ್ತೆ, ಆಫ್ ಸ್ಟಂಪ್ ಆಚೆ ಹೋಗೋ ಚೆಂಡು ಬಿಡೋಕೆ ಬರಲ್ಲ. ಥೂ!"

ಅವನು ಲಿಫ್ಟ್ ರಿಪೇರಿಯವನು. ವಾರವಿಡೀ ಬೇರೆಯವರ ಕಟ್ಟಡಗಳ ಕತ್ತಲ ಗುಂಡಿಗಳಲ್ಲಿ ಗ್ರೀಸು ಮೆತ್ತಿಕೊಂಡು ಒದ್ದಾಡುವವನಿಗೆ ಭಾನುವಾರದ ಆಟವೊಂದೇ ಸ್ವಂತದ್ದು. ಅದನ್ನೂ ಈ ಹನ್ನೊಂದು ಜನ ಸೇರಿ ಹೊಲಸೆಬ್ಬಿಸುತ್ತಿದ್ದರು. ತಾನು ಒಂದು ಬೋಲ್ಟು ಸಡಿಲ ಬಿಟ್ಟರೆ ಮಾರನೇ ದಿನ ಕೆಲಸವಿಲ್ಲ. ಇವರು ಸರಣಿಗೆ ಸರಣಿ ಅದೇ ಚೆಂಡಿಗೆ ಅದೇ ತಪ್ಪು ಮಾಡಿದರೂ ಮುಂದಿನ ಸರಣಿಗೆ ಅವೇ ಹೆಸರುಗಳು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಹೊತ್ತಿಗೆ ಹೆಂಡತಿ ಅವನಪ್ಪನನ್ನು ಒಳಕೋಣೆಯಿಂದ ನಡೆಸಿಕೊಂಡು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಅಪ್ಪ ಒಂದು ಕಾಲಕ್ಕೆ ಬಸ್ ಡ್ರೈವರು; ಹಾರನ್ನಿಗಿಂತ ಅವನ ಬಾಯಿಯೇ ಜೋರು ಎನ್ನುತ್ತಿದ್ದರು. ಹೋದ ವರ್ಷ ಲಕ್ವಾ ಹೊಡೆದು ಬಲಗಡೆಯೂ ಹೋಯಿತು, ಬಾಯಿಯೂ ಹೋಯಿತು. ಉಳಿದದ್ದು ಎಡಗೈ ಒಂದೇ. ಒಮ್ಮೆ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಬಚ್ಚಲು ಎಂದು ಸೊಸೆಯೇ ಅಭ್ಯಾಸ ಮಾಡಿಸಿದ್ದಳು.

ಅಪ್ಪ ಕೂತಿದ್ದೇ ತಡ, ಬರೀ ಬೌಲಿಂಗಿಗೆಂದು ತಂಡದಲ್ಲಿದ್ದ ಇಬ್ಬರು ಬಾರಿಸತೊಡಗಿದರು. ಒಂದು ಬೌಂಡರಿ. ಮತ್ತೊಂದು. ಅವನು ಮಂಚದ ತುದಿಯಲ್ಲಿ ಅರ್ಧ ಎದ್ದವನು ಹಾಗೇ ಕೂತುಬಿಟ್ಟ.

"ಯಾರೂ ಅಲ್ಲಾಡಬೇಡಿ! ಏಯ್, ನೀನು ಅಡುಗೆಮನೆ ಬಾಗಿಲಲ್ಲೇ ಇರು."

"ಬೀನ್ಸ್ ಹೆಚ್ಚೋದು ಬೇಡ್ವಾ?"

"ನಿಂತ್ಕೊಂಡೇ ಹೆಚ್ಚು."

ಈ ನಿಯಮ ಅಪ್ಪನದೇ. ಮಗ ಚಿಕ್ಕವನಿದ್ದಾಗ ಇಂಥದೇ ಒಂದು ಮಧ್ಯಾಹ್ನ ಕೊನೆಯ ಜೋಡಿ ಆಡುತ್ತಿತ್ತು. ಅರ್ಜೆಂಟಾಗಿದೆ ಎಂದು ಎದ್ದವನ ಹೆಗಲನ್ನು ಅಪ್ಪ ಸ್ಟೇರಿಂಗು ಹಿಡಿದ ಕೈಯಿಂದ ಒತ್ತಿ ಕೂರಿಸಿದ್ದ. "ಎದ್ರೆ ವಿಕೆಟ್ ಬೀಳತ್ತೆ. ಕೂತ್ಕೋ." ಹುಡುಗ ಅತ್ತರೂ ಆ ಕೈ ಮೇಲೇಳಲಿಲ್ಲ. ತಂಡ ಗೆದ್ದಿತು, ಚಾಪೆ ಒದ್ದೆಯಾಗಿತ್ತು. "ನನ್ ಮಗ ಚಡ್ಡೀಲೇ ಮಾಡ್ಕೊಂಡು ಮ್ಯಾಚ್ ಗೆಲ್ಸಿಕೊಟ್ಟ" ಎಂದು ಅಪ್ಪ ಡಿಪೋದಲ್ಲಿ ಹೇಳಿದ, ನೆಂಟರಲ್ಲಿ ಹೇಳಿದ, ಕಡೆಗೆ ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರೆದುರಿಗೂ ಹೇಳಿದ. ಎಲ್ಲರೂ ನಕ್ಕರು. ಮದುಮಗನೂ ಹಲ್ಲು ಕಚ್ಚಿ ನಕ್ಕಿದ್ದ.

ಟಕ್ ಟಕ್.

ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ರೀ, ಮಾವ ಎರಡು ಸಲ ತಟ್ಟಿದ್ರು."

"ಕೇಳಿಸ್ತು."

"ಕೇಳಿಸಿದ್ರೆ ಏಳಿ ಮತ್ತೆ."

"ಈ ಓವರ್ ಮುಗೀಲಿ."

"ನೀವು ಅಲ್ಲಾಡದೆ ಕೂತ್ರೆ ಅವನು ಬಾರಿಸ್ತಾನಾ? ನೀವು ಹುಟ್ಟಿರೋದೇ ಅವನಿಗೆ ಗೊತ್ತಿಲ್ಲ!"

"ಬಾಯ್ಮುಚ್ಕೊಂಡು ನಿಂತ್ಕೋ."

ಓವರ್ ಮುಗಿಯಿತು. ಇನ್ನೊಂದು ಶುರುವಾಯಿತು. ಟಕ್ ಟಕ್ ಎಂದು ಮತ್ತೆ ಸದ್ದಾಯಿತು, ಈ ಸಲ ಮೆಲ್ಲಗೆ.

"ನೀನೇ ತಾನೇ ಹೇಳಿಕೊಟ್ಟಿದ್ದು ಅಪ್ಪಾ?" ಎಂದ ಅವನು, ತಿರುಗದೆಯೇ. "ಎದ್ರೆ ವಿಕೆಟ್ ಬೀಳತ್ತೆ. ಕೂತ್ಕೋ."

ಆ ದನಿ ಕೇಳಿ ಹೆಂಡತಿ ಬೀನ್ಸು ಕೆಳಗಿಟ್ಟಳು. ಅವಳು ಹೊಸ್ತಿಲು ದಾಟುವುದಕ್ಕೂ, ಟಿವಿಯಲ್ಲಿ ಇಬ್ಬರು ಬ್ಯಾಟ್ಸ್‌ಮನ್ನರೂ ಒಂದೇ ತುದಿಗೆ ಓಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುವುದಕ್ಕೂ ಸರಿಹೋಯಿತು. ರನೌಟು.

"ನಿನ್ನ ಕಾಲ್ಗುಣಕ್ಕೆ ಬೆಂಕಿ ಹಾಕ! ಬಂದ್ಯಲ್ಲ, ಸಮಾಧಾನ ಆಯ್ತಾ? ಎಲ್ಲಾ ಹಾಳ್ಮಾಡೋಕೇ ಹುಟ್ಟಿದೀರಿ, ನೀವು, ಅವರು, ಎಲ್ಲಾ..."

ಅವಳು ಕುರ್ಚಿಯ ಕೆಳಗೆ ನೋಡುತ್ತ ನಿಂತಿದ್ದಳು. ಕುರ್ಚಿಯ ಕಾಲಿನ ಗುಂಟ ಇಳಿದು ನೆಲದ ಮೇಲೆ ಹರಿದು ಬಂದದ್ದು ಅವನ ಪಾದಕ್ಕೆ ಬೆಚ್ಚಗೆ ತಾಗಿತು.

ಅವನು ಆಗ ತಿರುಗಿದ. ಅಪ್ಪ ಟಿವಿ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದ. ಬಾಯಿಯ ಜೀವವಿದ್ದ ಅರ್ಧ ಅದುರುತ್ತಿತ್ತು. ಎಡಗೈ ಲುಂಗಿಯ ಒದ್ದೆಯನ್ನು ಮುಚ್ಚಲು ನೋಡುತ್ತಿತ್ತು, ಅದಕ್ಕೆ ಒಂದು ಕೈ ಸಾಲುತ್ತಿರಲಿಲ್ಲ. ಮಗನ ಎದೆಯೊಳಗೆ ಎಲ್ಲೋ ಒಂದು ಕಡೆ ಹಾಯೆನಿಸಿತು. ಹಾಯೆನಿಸಿದ್ದು ಗೊತ್ತಾದಾಗ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು.

"ಸರೀರಿ ಪಕ್ಕಕ್ಕೆ," ಎಂದಳು ಹೆಂಡತಿ. "ನೀವು ಮ್ಯಾಚ್ ನೋಡಿ. ಇನ್ನೂ ಎರಡು ವಿಕೆಟ್ ಇದೆ."

"ನೀನು ಬಿಡು," ಎಂದ.

ಅಪ್ಪನ ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಮಗ್ಗಿನಿಂದ ನೀರು ಹಾಕಿದ. ತೊಡೆಗಳು ಒಣಗಿ ಸಣ್ಣಗಾಗಿದ್ದವು. ಕ್ಲಚ್ಚು ತುಳಿದು ತುಳಿದು ಗಟ್ಟಿಯಾಗಿದ್ದ ಎಡಗಾಲು ಕೂಡ. ಅವನು ಸೋಪು ಹಚ್ಚಿ ತೊಳೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇಲಿನ ಮನೆಯಿಂದ ಹೋ ಎಂದು ಕೂಗು ಕೇಳಿಸಿತು. ಸಿಕ್ಸರೇ ಇರಬೇಕು. ಅವನ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಕೂಗು, ಕುರ್ಚಿ ಎಳೆದ ಸದ್ದು, ಸೀಟಿ. ಅವನಿಗರಿವಿಲ್ಲದೆಯೇ ಮೊಣಕಾಲು ನೆಟ್ಟಗಾಗತೊಡಗಿ ಅರ್ಧ ಎದ್ದ.

ಅಪ್ಪನ ಎಡಗೈ ಅವನ ಹೆಗಲ ಮೇಲೆ ಬಂತು. ಒತ್ತಿತು.

ಅವನು ಆಯತಪ್ಪಿ ಸೋಪಿನ ನೀರು ಹರಿಯುತ್ತಿದ್ದ ನೆಲದ ಮೇಲೆ ಕೂತುಬಿಟ್ಟ. ಮೇಲೆ ಮತ್ತೆ ಕೂಗೆದ್ದಿತು. ನೀರು ಪ್ಯಾಂಟಿನೊಳಕ್ಕೆ ಏರುತ್ತಿತ್ತು. ಹೆಗಲ ಮೇಲಿನ ಕೈ ಒಂದು ಬೆರಳಿಂದ ತಳ್ಳಿದರೆ ಸರಿದುಹೋಗುವಷ್ಟು ಹಗುರವಾಗಿತ್ತು. ಅವನು ಏಳಲಿಲ್ಲ.