ಎರಡನೆಯ ಡಾಕ್ಟರ್

ಸ್ವಂತ ಕ್ಲಿನಿಕ್ ತೆರೆಯಲು ಹೊರಟ ನರ್ಸ್‌ಗಳಿಗೆ ನಾನು ಪಾಠ ಹೇಳುತ್ತೇನೆ. ರೋಗ ಗುರುತಿಸಿ ಔಷಧಿ ಬರೆಯುವಷ್ಟು ಓದಿದವರು ಇವರು. ಆದರೂ ನಮ್ಮ ರಾಜ್ಯದಲ್ಲಿ ಡಾಕ್ಟರೊಬ್ಬರು ಮೇಲ್ವಿಚಾರಣೆಯ ಒಪ್ಪಂದಕ್ಕೆ ಸಹಿ ಹಾಕದೆ ಇವರು ಕೆಮ್ಮಿಗೂ ಮಾತ್ರೆ ಬರೆಯುವಂತಿಲ್ಲ. ಆ ಡಾಕ್ಟರ್ ಸತ್ತರೆ ಒಪ್ಪಂದವೂ ಅವತ್ತೇ ಸತ್ತಂತೆ. ಅದಕ್ಕೇ ನನ್ನ ಮೊದಲ ಪಾಠ, ಎರಡನೆಯ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ ಎನ್ನುವುದು.

ವರ್ಲೀನ್‌ಗೆ ಈ ಪಾಠ ಹಿಡಿಸಲಿಲ್ಲ. ಗಣಿ ಮುಚ್ಚಿದ ಬೆಟ್ಟದೂರಿನವಳು. ಅವಳ ಒಪ್ಪಂದಕ್ಕೆ ಸಹಿ ಹಾಕಿದ್ದವರು, ಅವಳ ತಾಯಿಗೆ ಹೆರಿಗೆ ಮಾಡಿಸಿದ್ದ ಮುದುಕ ಡಾಕ್ಟರ್ ಹೋಬರ್ಟ್.

"ಅವರಿರುವಾಗ್ಲೇ ಇನ್ನೊಬ್ಬರನ್ನ ಹುಡುಕೋದಾ ಮೇಡಂ? ಯಾವಾಗ ಸಾಯ್ತೀರಿ ಅಂತ ಕೇಳಿದ ಹಾಗಲ್ವಾ?"

"ಕೇಳು. ಎಂಬತ್ತು ದಾಟಿದವರಿಗೆ ಅದೇನೂ ಹೊಸ ಸುದ್ದಿಯಲ್ಲ," ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಇನ್ನೊಬ್ಬರನ್ನು ಹುಡುಕಲೂ ಇಲ್ಲ.

ಹಳೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಲಿನಿಕ್ ತೆರೆದಳು. ಎರಡು ಚಳಿಗಾಲ ಚೆನ್ನಾಗಿಯೇ ನಡೆಯಿತು. ಡಾಕ್ಟರ್ ಒಮ್ಮೆಯೂ ಅತ್ತ ಕಾಲಿಡಲಿಲ್ಲ. ಕಾನೂನಿಗೂ ಅದು ಬೇಕಿರಲಿಲ್ಲ. ಒಂದು ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲಿಲ್ಲ.

ಸುದ್ದಿ ಬಂದಾಗ ಅವಳೆದುರು ಹಳೆಯ ಗಣಿ ಕೆಲಸಗಾರ ಡೆಲ್ಮರ್ ಕೂತಿದ್ದ. ಗಣಿಯ ಧೂಳು ಕುಡಿದ ಎದೆ, ಅದರ ಮೇಲೆ ಜ್ವರ, ಹಸಿರು ಕಫ. ವರ್ಲೀನ್ ಫೋನ್ ಕೆಳಗಿಟ್ಟಳು.

"ಡಾಕ್ಟರ್ ಹೋಗ್ಬಿಟ್ರು ಅಂಕಲ್. ಇನ್ನು ನಾನು ಔಷಧಿ ಬರೆಯೋ ಹಾಗಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು ನೀವು. ಆಂಬುಲೆನ್ಸ್ ಕರೀತೀನಿ."

"ಸತ್ತೋರು ಅವರು. ನಿನ್ ಕೈಗೇನಾಯ್ತು?"

"ಬರೆದ್ರೆ ಲೈಸೆನ್ಸೇ ಹೋಗುತ್ತೆ."

"ಆಂಬುಲೆನ್ಸ್ ಏನೂ ಬೇಡ. ರಸ್ತೆ ತುಂಬ ಮಂಜುಗಡ್ಡೆ. ನಾಳೆ ನೋಡೋಣ ಬಿಡು," ಎಂದು ಅವನು ಕೆಮ್ಮುತ್ತ ಎದ್ದುಹೋದ.

ಅವಳು ಇಡೀ ದಿನ ಡಾಕ್ಟರುಗಳಿಗೆ ಫೋನ್ ಮಾಡಿದಳು. ಅವಳಿಂದ ಸುದ್ದಿ ತಿಳಿದು ನಾನೂ ಮಾಡಿದೆ. ಮುಂದಿನ ತಿಂಗಳು ಮಾತಾಡೋಣ ಎಂದ ಒಬ್ಬ.

ಡೆಲ್ಮರ್‌ಗೆ ಆ ನಾಳೆ ಬರಲೇ ಇಲ್ಲ. ಡಾಕ್ಟರ ಗೋರಿಯ ಹಸಿಮಣ್ಣು ಆರುವ ಮೊದಲೇ ಪಕ್ಕದಲ್ಲಿ ಅವನಿಗೂ ಗುಂಡಿ ತೋಡಿದರು.

ಮಣ್ಣು ಮಾಡಿದ ಮೇಲೆ ಎಲ್ಲರೂ ಚರ್ಚಿನ ಊಟದ ಕೋಣೆಗೆ ಬಂದರು. ಎಲ್ಲರಂತೆ ವರ್ಲೀನ್ ಕೂಡ ಬೇಯಿಸಿದ ಬೀನ್ಸ್ ತಂದಿದ್ದಳು. ಡೆಲ್ಮರ್‌ನ ಹೆಂಡತಿ ಓಲೀಟ ಪಾತ್ರೆಯನ್ನು ಇಸಿದುಕೊಂಡಳು.

"ಯಾವ ಮಾತ್ರೆ ಅಂತ ನಿಂಗೆ ಗೊತ್ತಿತ್ತಾ ಮಗಳೇ?"

"ಗೊತ್ತಿತ್ತು ಆಂಟಿ."

"ನಮ್ಮೂರ ಔಷಧಿ ಅಂಗಡೀಲಿ ಇತ್ತಾ?"

"ಇತ್ತು."

ಮೇಜಿನ ಮೇಲೆ ಊರವರು ತಂದ ಪಾತ್ರೆಗಳ ನಡುವೆ ಇನ್ನೂ ಜಾಗವಿತ್ತು. ಓಲೀಟ ಬೀನ್ಸನ್ನು ಅಲ್ಲಿಡಲಿಲ್ಲ. ಮುಚ್ಚಳವನ್ನೂ ತೆಗೆಯದೆ ವರ್ಲೀನ್ ಕೈಗೇ ವಾಪಸ್ ಕೊಟ್ಟಳು.

"ಮನೆಗೆ ತಗೊಂಡ್ಹೋಗು," ಎಂದಳು.